ಕಾಲು ಚಾಚುವ ಎತ್ತರ

ಬೈಕಿನಲ್ಲಿ ದೂರ ಹೋದರೆ ನನ್ನ ಬಲ ಮಂಡಿ ಹಿಡಿದುಕೊಳ್ಳುತ್ತಿತ್ತು. ಮುಂದಿನ ಕ್ರ್ಯಾಶ್ ಗಾರ್ಡ್ ಕಂಬಿಗೆ, ಪಾದ ಇಟ್ಟುಕೊಳ್ಳುವ ಹೈವೇ ಫುಟ್‌ಪೆಗ್ ಹಾಕಿಸಿ, ಕಾಲು ಚಾಚಿಕೊಂಡು ಓಡಿಸಿ ನೋಡುವುದು, ಆಗಲೂ ನೋವು ಬಂದರೆ ಬೈಕ್ ಮಾರಿಬಿಡುವುದು ಎಂದು ತೀರ್ಮಾನಿಸಿದ್ದೆ.

ನೆಲಮಂಗಲದ ಅಂಗಡಿಯಲ್ಲಿ ಮೆಕ್ಯಾನಿಕ್ ಪೆಗ್ಗುಗಳನ್ನು ಗಾರ್ಡಿನ ಮೇಲ್ತುದಿಗೆ ಸಿಕ್ಕಿಸಿದ. ಸ್ಟ್ಯಾಂಡ್ ಹಾಕಿದ್ದ ಬೈಕಿನ ಮೇಲೆ ಕೂತು ಎರಡೂ ಕಾಲು ಚಾಚಿದೆ. ಎದುರಿನ ಬೆಂಚಿನಲ್ಲಿ, ಮೊಪೆಡ್ಡಿಗೆ ಪಂಕ್ಚರ್ ಹಾಕಿಸಲು ಬಂದಿದ್ದ ಹಿರಿಯರೊಬ್ಬರು ಕೂತಿದ್ದರು.

“ಏನಪ್ಪಾ, ಪಾದ ನನ್ ಮುಖಕ್ಕೇ ಹಿಡ್ದಿದೀಯಲ್ಲ. ನಮಸ್ಕಾರ ಮಾಡ್ಬೇಕಾ?”

“ತಪ್ಪಾಯ್ತು ಯಜಮಾನ್ರೇ,” ಎಂದು ಬೈಕನ್ನು ಅಂಗಡಿಯ ಕಡೆ ತಿರುಗಿಸಿ ಮತ್ತೆ ಕೂತೆ.

“ಆ ಕಡೆ ದೇವ್ರ ಫೋಟೋ ಐತೆ ಗುರು,” ಎಂದ ಮೆಕ್ಯಾನಿಕ್.

ಕೊನೆಗೆ, ಪಾದ ಯಾರ ಮುಖಕ್ಕೂ ಎದುರಾಗದಷ್ಟು ಕೆಳಗೆ ಪೆಗ್ ಹಾಕಿಸಿಕೊಂಡೆ. ಮಂಡಿ ಸ್ವಲ್ಪ ಮಡಚಿಯೇ ಇತ್ತು. ಇಷ್ಟರಿಂದ ನೋವು ಹೋಗಲಾರದು ಅನಿಸಿತು.

ತುಮಕೂರಿನವರೆಗೆ ಹೋಗಿ ಬಂದೆ. ಮಂಡಿ ಸುಮ್ಮನಿತ್ತು. ಕಾಲು ಬ್ರೇಕಿಗೂ ಬೇಗ ಬರುತ್ತಿತ್ತು. ಬೈಕ್ ಮಾರುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಎತ್ತರ ಇಷ್ಟು ಸರಿಯಾಗಿ ಹೇಗೆ ಗೊತ್ತುಮಾಡಿದೆ ಎಂದು ಸ್ನೇಹಿತರು ಕೇಳುತ್ತಾರೆ. ಬಿ.ಎಸ್ಸಿ. ಓದಿದವನಲ್ಲವೇ, ಮಂಡಿಯ ಕೋನ ಲೆಕ್ಕ ಹಾಕಿದೆ ಎನ್ನುತ್ತೇನೆ.