ಸರ್ ಕೊಟ್ಟ ಮಷಿನ್

ಒಂದೇ ಲೆಕ್ಕ, ಮೂರು ಸಲ ಮಾಡಿಸಿದರೆ ಮೂರು ಉತ್ತರ. ಯಾವುದನ್ನು ನಂಬಬೇಕು? ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಈ ಪ್ರಶ್ನೆ ನನ್ನ ತಲೆ ತಿಂದಷ್ಟು ಪರೀಕ್ಷೆಯೂ ತಿಂದಿರಲಿಲ್ಲ.

ವಿಭಾಗದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರುಗಳನ್ನು ಒರೆಸಿ, ವೈರಿನಿಂದ ಜೋಡಿಸಿ, ಎಲ್ಲವೂ ಒಂದೊಂದು ಪಾಲು ಲೆಕ್ಕ ಮಾಡಿ ಕೊನೆಗೆ ಕೂಡಿಸುವ ಹಾಗೆ ಮಾಡಿದ್ದೆವು. ಅದಕ್ಕೆ ಕ್ಲಸ್ಟರ್ ಅನ್ನುತ್ತಾರೆ. ಅದನ್ನು ಕಟ್ಟಿದ್ದು ನಮ್ಮ ಜೊತೆಗಿದ್ದ ಪಿಎಚ್.ಡಿ. ವಿದ್ಯಾರ್ಥಿನಿಗಾಗಿ. ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಹರಳಿನೊಳಗೆ ಶಾಖ ಹೇಗೆ ಹರಿಯುತ್ತದೆ ಎನ್ನುವುದು ಅವರ ಲೆಕ್ಕ. ಆ ವರ್ಷದೊಳಗೆ ಪ್ರಬಂಧ ಕೊಡದಿದ್ದರೆ ಅವರ ನೋಂದಣಿಯೇ ರದ್ದಾಗುತ್ತಿತ್ತು.

ನಮ್ಮ ಕೆಲಸ ನೋಡಿ ಹಿಗ್ಗಿದ ಅವರ ಗೈಡ್, ನಮ್ಮೆಲ್ಲರ ಸರ್, ಸ್ವಂತ ಕಂಪ್ಯೂಟರನ್ನೇ ಆಟೋದಲ್ಲಿ ಹೇರಿಕೊಂಡು ಬಂದರು. ಗುರುಗಳು ಕೊಟ್ಟದ್ದು! ರ‍್ಯಾಕಿನಲ್ಲಿ ಅದಕ್ಕೆ ಮೊದಲ ಜಾಗ. ಶುಕ್ರವಾರ ಎಲ್ಲ ಮಷಿನ್ನಿಗೂ ಕುಂಕುಮ, ಅದಕ್ಕೆ ಮಾತ್ರ ಹೂವೂ ಏರುತ್ತಿತ್ತು.

ಉತ್ತರಗಳು ಕೆಡತೊಡಗಿದಾಗ ನಮಗೆ ದಿಕ್ಕೇ ತೋಚಲಿಲ್ಲ. ಕರೆಂಟನ್ನು ಬೈದೆವು, ವೈರ್ ಬದಲಿಸಿದೆವು. ಕೆಟ್ಟ ಮಷಿನ್ ಯಾವುದೆಂದು ನೋಡಲು ಒಂದೊಂದನ್ನೇ ಹೊರಗಿಟ್ಟು ಲೆಕ್ಕ ಓಡಿಸಿದೆವು; ಉತ್ತರ ನೆಟ್ಟಗಾಗಲಿಲ್ಲ. ಸರ್ ಕೊಟ್ಟದ್ದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಟ್ಟಬಾರದೆಂದು ಯಾರೂ ಹೇಳಿಯೂ ಇರಲಿಲ್ಲ.

"ಅಕ್ಕಾರ, ನಿಮ್ಮ ಪ್ರೋಗ್ರಾಮಿನಾಗ ಏನರ ತಪ್ಪಿರಬೇಕು ನೋಡ್ರಿ," ಅಂದೆ ನಾನು. ಸರ್ ಕೂಡ ಅದನ್ನೇ ಅಂದರು. ಅಕ್ಕ ಪ್ರೋಗ್ರಾಮನ್ನು ಮೊದಲಿನಿಂದ ಬರೆದರು, ಮತ್ತೆ ಬರೆದರು. ಬರಬರುತ್ತ ಅವರಿಗೆ ತಮ್ಮ ಮೇಲೇ ನಂಬಿಕೆ ಹೋಯಿತು. "ನನಗ ಈ ವಿಷಯಾನ ತಿಳಿದಿಲ್ಲೇನೋ," ಅನ್ನುತ್ತ ಕ್ಯಾಂಟೀನಿನಲ್ಲಿ ಗಿರಮಿಟ್ ಮುಂದಿಟ್ಟುಕೊಂಡು ತಿನ್ನದೆ ಕೂರುತ್ತಿದ್ದರು. ನೋಡಿ ಸಂಕಟವಾಗುತ್ತಿತ್ತು.

ಒಂದು ಶುಕ್ರವಾರ ಪೂಜೆಗೆಂದು ಅಕ್ಕ ಸರ್ ಮಷಿನ್ನನ್ನು ಕೆಳಗಿಳಿಸಿ ಒರೆಸಿದರು. ಮತ್ತೆ ಇಡುವಾಗ ಅದರ ನೆಟ್‌ವರ್ಕ್ ವೈರ್ ಸಿಕ್ಕಿಸುವುದು ಮರೆತುಹೋಯಿತು. ಅವತ್ತು ಓಡಿಸಿದಷ್ಟು ಸಲವೂ ಒಂದೇ ಉತ್ತರ. ವೈರ್ ಸಿಕ್ಕಿಸಿದೆವು, ಉತ್ತರ ಕೆಟ್ಟಿತು. ಕಿತ್ತೆವು, ಸರಿಯಾಯಿತು. ಖುಷಿಪಡಬೇಕೋ ಹೆದರಬೇಕೋ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸರ್‌ಗೆ ಹೇಳುವವರು ಯಾರು? ಕೊನೆಗೆ ನೆಟ್‌ವರ್ಕ್ ವೈರ್ ಮಾತ್ರ ಕಿತ್ತು, ಪವರ್ ದೀಪ ಉರಿಯುತ್ತಿರಲಿ ಎಂದು ಮಷಿನ್ನನ್ನು ಆರಿಸದೆ ಹಾಗೇ ಬಿಟ್ಟೆವು.

ಸೋಮವಾರ ಸರ್ ಬಂದು ಅದರ ದೀಪ ನೋಡಿ ನಕ್ಕರು. "ಹೆಂಗ ಮಾಡಾಕತ್ತೈತಿ ನಮ್ಮದು?"

"ಛಲೋ ಮಾಡಾಕತ್ತೈತ್ರಿ ಸರ್," ಅಂದೆ.

"ಹಂಗಾರ ಪ್ರಬಂಧದಾಗ ಎಲ್ಲಾ ಮಷಿನ್ ಕೂಡಿ ಮಾಡಿದ ಲೆಕ್ಕ ಅಂತ ಬರಿಯವಾ," ಎಂದು ಅಕ್ಕನಿಗೆ ಹೇಳಿದರು.

ಅಕ್ಕ ನೆಲ ನೋಡಿದರು. "ಅದು ಸುಳ್ಳಾಗತೈತ್ರಿ ಸರ್. ನಿಮ್ಮ ಮಷಿನ್ ವೈರ್ ತಗದೇವ್ರಿ. ಅದು ಇದ್ರ ಉತ್ತರ ತಪ್ಪತೈತ್ರಿ."

ಸರ್ ಕಿತ್ತಿಟ್ಟ ವೈರನ್ನು ಕೈಗೆತ್ತಿಕೊಂಡು ನೋಡಿದರು. ಸಿಟ್ಟೋ, ನೋವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ನನ್ನತ್ತ ತಿರುಗಿದರು. "ಈಕಿ ಪ್ರೋಗ್ರಾಮಿನ ಮ್ಯಾಲೆ ಸಂಶಯ ಪಟ್ರಿ. ನಾನೂ ಪಟ್ಟೆ. ಈ ಡಬ್ಬಿ ಮ್ಯಾಲೆ ಯಾಕ ಪಡಲಿಲ್ಲ?"

"ಅದು ನಿಮ್ಮದು ಅಂತ್ರಿ ಸರ್."

"ಮತ್ತ ಈಕಿ?" ಅಂದರು ಸರ್. "ಈಕಿ ನಮ್ಮಾಕಿ ಅಲ್ಲೇನು?"

ಅಷ್ಟು ತಿಂಗಳೂ ಅಳು ನುಂಗಿಕೊಂಡಿದ್ದ ಅಕ್ಕ ಆಗ ಅತ್ತರು.