ಎರಡು ವಾರದ ಸುಟ್ಟಗಾಯ

ಕೊರೊನಾ ಕಾಲದಲ್ಲಿ, ನೆದರ್ಲೆಂಡ್ಸಿನ ಲೈಡನ್ನಿನ ನಮ್ಮ ಮನೆಯಲ್ಲಿ, ಆರು ವರ್ಷದ ಮಗಳಿಗೆ ನೆಗಡಿಯಾಯಿತು. ಊರಿನಿಂದ ಬಂದ ವಾಟ್ಸಾಪ್ ಸಲಹೆಗಳನ್ನೆಲ್ಲ ನಂಬುತ್ತಿದ್ದ ಇಂಜಿನಿಯರು ನಾನು. ಹಬೆ ಕೊಡಲೆಂದು ಕುದಿಯುವ ನೀರಿನ ಪಾತ್ರೆಯ ಮುಂದೆ ಕೂರಿಸಿ ಟವೆಲ್ ಹೊದಿಸಿದೆ. ಕೊಸರಾಡಿದಳು. "ಸುಮ್ನೆ ಕೂತ್ಕೋ!" ಎಂದು ಗದರಿ ಕತ್ತು ಅದುಮಿ ಹಿಡಿದೆ. ಪಾತ್ರೆ ಅವಳ ತೊಡೆಯ ಮೇಲೆ ಮಗುಚಿತು.

ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆಯವರು ಮಗುವನ್ನು ಕಿತ್ತುಕೊಂಡಾರೆಂಬ ಭಯಕ್ಕೆ, ಆಸ್ಪತ್ರೆಯಲ್ಲಿ ಚಹಾ ಚೆಲ್ಲಿತೆಂದೆ. "ಒಂದು ಕಪ್ ಚಹಾ ತಾನೇ? ಎರಡು ವಾರದಲ್ಲಿ ಮನೆಗೆ ಹೋಗಬಹುದು," ಎಂದರು ನರ್ಸ್. ಮೂರನೆಯ ವಾರ ಚರ್ಮದ ಕಸಿ ಮಾಡಿದರು. ಐದನೆಯ ವಾರವೂ ಅವಳು ಅಲ್ಲೇ ಇದ್ದಳು.

"ಗಾಯ ಇಷ್ಟು ಆಳ ಇದೆ. ನಿಜವಾಗ್ಲೂ ಏನು ಬಿತ್ತು, ಪುಟ್ಟೀ?" ನರ್ಸ್ ಮಗಳನ್ನೇ ಕೇಳಿದರು.

ಅವಳು ನನ್ನ ಮುಖ ನೋಡಿ, ಅಚ್ಚ ಡಚ್ಚಿನಲ್ಲಿ ಹೇಳಿದಳು: "ಚಹಾ. ಹಾಗೇ ಹೇಳ್ಬೇಕು ಅಂದಿದಾರೆ ಅಪ್ಪ."