ನೀರು ಹಾಕೋ ಹನುಮಕ್ಕನ ಕೈ

ಗುಬ್ಬಿಯ ಆ ಬೀದಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಹಾಕಿದವಳು ಹನುಮಕ್ಕ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಎಳೆಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದಳೆಂದರೆ ಎಂಥ ರಚ್ಚೆಯ ಕೂಸೂ ಸುಮ್ಮನಾಗುತ್ತಿತ್ತು. ಕುಣಿಗಲ್ಲಿನವರೂ ಕಾರು ಕಳಿಸಿ ಕರೆಸಿಕೊಂಡಿದ್ದುಂಟು. ಅವಳಿಗೆ ಜಂಬ ಇತ್ತೇ ಅಂದರೆ, ಇತ್ತು. ಯಾಕಿರಬಾರದು?

ಅಂಥ ಹೆಂಗಸಿಗೆ ಕಜ್ಜಿ ಹತ್ತಿತು. ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ. ಸಂಜೆಯಾದರೆ ಕೂರಲಾರಳು, ನಿಲ್ಲಲಾರಳು. ಕೇಳಿದವರಿಗೆ ಬೆವರುಸಾಲೆ ಎಂದಳು. ಮಗಳು ಸುಶ್ಮಿತಾ ಚೊಚ್ಚಲ ಹೆರಿಗೆಗೆ ತುಮಕೂರಿನ ಆಸ್ಪತ್ರೆ ಸೇರುವ ದಿನ ಹತ್ತಿರವಾಗಿತ್ತು, ಬಾಣಂತನ ತವರಲ್ಲೇ. ಊರ ಕೂಸುಗಳನ್ನೆಲ್ಲ ಆಡಿಸಿದ ಕೈ ಸ್ವಂತ ಮೊಮ್ಮಗುವನ್ನು ಮುಟ್ಟದಂತಾದರೆ?

ಗುಟ್ಟಾಗಿ ಡಾಕ್ಟರ ಬಳಿ ಹೋದಳು. ಚರ್ಮದೊಳಗೆ ಬಿಲ ಕೊರೆಯುವ ಸಣ್ಣ ಹುಳ ಅಂದರು. ಕತ್ತಿನಿಂದ ಪಾದದವರೆಗೆ ಮುಲಾಮು ಹಚ್ಚಿ ಬೆಳಗಿನವರೆಗೆ ಬಿಡಬೇಕು, ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು. ಗಂಡ ಅಂಜನಪ್ಪ ಗೊಣಗುತ್ತಲೇ ಹಚ್ಚಿಕೊಂಡ. ಬಟ್ಟೆ, ಹೊದಿಕೆ ಎಲ್ಲ ಕುದಿಯುವ ನೀರಿಗೆ ಬಿದ್ದವು. ಇನ್ನೇನು ವಾಸಿಯಾಯಿತೆಂದು ಹನುಮಕ್ಕ ಎದುರುಮನೆ ಶಿವರುದ್ರಮ್ಮನ ಮೊಮ್ಮಗನಿಗೆ ನೀರೂ ಹಾಕಿ ಬಂದಳು. ಅಂಜನಪ್ಪನಿಗೆ ಗುಣವಾಯಿತು. ಅವಳ ಬೆರಳ ಸಂದಿಯಲ್ಲಿ ಮಾತ್ರ ಹೊಸ ಗುಳ್ಳೆಗಳೆದ್ದವು.

ಸಿಟ್ಟು ಜಗಲಿಯ ನಾಯಿಯ ಮೇಲೆ ತಿರುಗಿತು. ಅದಕ್ಕೂ ಕಿವಿಯಂಚಲ್ಲಿ ಕೂದಲುದುರಿ ಹಕ್ಕಳೆ ಕಟ್ಟಿತ್ತು. "ಎಲ್ಲಾ ಈ ಮೂದೇವಿಯಿಂದ್ಲೇ," ಎಂದು ಬೈಯುತ್ತಾ ಪಶು ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರು ಅದಕ್ಕೊಂದು ಇಂಜೆಕ್ಷನ್ ಕೊಟ್ಟು, "ನಾಯಿ ಹುಳ ಮನುಷ್ಯರ ಮೈಮೇಲೆ ಜಾಸ್ತಿ ದಿನ ಬದುಕಲ್ಲಮ್ಮ. ನಿಮ್ದು ಮನುಷ್ಯರಿಂದ್ಲೇ ಬಂದಿರ್ಬೇಕು," ಅಂದರು. ಅಲ್ಲಿಂದ ವಾಪಸಾಗುವಾಗಲೇ ಅಳಿಯನ ಫೋನು: ಹೆಣ್ಣು ಮಗು. ಕೈ ಕೆರೆದುಕೊಳ್ಳುತ್ತಿದ್ದ ಹನುಮಕ್ಕ ಬರೀ "ಹೂಂ" ಅಂದಳು.

ಬಾಣಂತಿ ಮನೆಗೆ ಬರಲು ಇನ್ನೊಂದು ದಿನವಿದೆ ಅನ್ನುವಾಗ ಆಶಾ ಕಾರ್ಯಕರ್ತೆ ಶಶಿಕಲಾ ವಿಚಾರಿಸಲು ಬಂದು ಆ ಕೈ ನೋಡಿದಳು. "ಮುಲಾಮು ಹಚ್ಚಿದ್ಮೇಲೆ ಏನ್ ಮಾಡಿದ್ರಿ?"

"ಇನ್ನೇನ್ ಮಾಡ್ತಾರೆ? ಸೋಪ್ ಹಾಕಿ ಕೈ ತೊಳ್ಕಂಡೆ. ಆ ಕೈಲಿ ಒಲೆ ಮುಂದೆ ಹೋಗಕ್ಕಾಯ್ತದಾ?"

ಶಶಿಕಲಾ ಹಣೆ ಚಚ್ಚಿಕೊಂಡಳು. "ಹುಳ ಇರೋದೇ ಕೈಯಲ್ಲಿ ಹನುಮಕ್ಕ. ತೊಳೆದ್ರೆ ಮತ್ತೆ ಹಚ್ಬೇಕಿತ್ತು. ಈಗ್ಲೇ ಹಚ್ಚಿ, ವಾರ ಬಿಟ್ಟು ಇನ್ನೊಂದ್ಸಲ. ಅಲ್ಲೀವರ್ಗೂ ಕೂಸು ಮುಟ್ಬೇಡಿ. ಶಿವರುದ್ರಮ್ಮೋರಿಗೂ ಹೇಳ್ಬುಡಿ, ಅವರ ಮಗೂನ ತೋರಿಸ್ಲಿ."

"ನಾಳೆ ಹೇಳ್ತೀನಿ ಬುಡು," ಅಂದಳು. ಬೀದಿಗೆಲ್ಲ ಗೊತ್ತಾದರೆ ಇನ್ನು ಯಾರು ಕರೆದಾರು?

ಮುಲಾಮು ಹಚ್ಚಿಕೊಂಡು ಕೂತಿದ್ದಳಷ್ಟೇ, ಬಾಗಿಲಿಗೆ ಆಟೋ ಬಂತು. ಆಸ್ಪತ್ರೆಯವರು ಒಂದು ದಿನ ಮೊದಲೇ ಕಳಿಸಿದ್ದರು. ಸುಶ್ಮಿತಾಳ ಅತ್ತೆ ಚಿಕ್ಕಗಂಗಮ್ಮ ಬ್ಯಾಗು ಹಿಡಿದು ಇಳಿದರು. ಬೀದಿಯ ಹೆಂಗಸರೆಲ್ಲ ಹೊಸಿಲಿಗೆ ಬಂದರು. ಸುಶ್ಮಿತಾ ಮಗುವನ್ನು ಮುಂದೆ ಚಾಚಿ, "ತಗಳಮ್ಮ, ಹಿಡ್ಕೋ," ಅಂದಳು.

ಹನುಮಕ್ಕ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಮಗಳ ಮುಖ ಸಣ್ಣದಾಯಿತು. "ಅವರು ಫೋನ್ ಮಾಡ್ದಾಗ್ಲೂ ಬರೀ ಹೂಂ ಅಂದ್ಯಂತೆ. ಹೆಣ್ಣು ಅಂತಾನಾ ಅಮ್ಮ?"

ಬೀಗತಿ ಕಾಯುತ್ತಿದ್ದರು, ಎದುರು ಹೊಸಿಲಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಶಿವರುದ್ರಮ್ಮ ನಿಂತಿದ್ದರು. ಹನುಮಕ್ಕ ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

"ಹಂಗನ್ಬೇಡ ಕಣವ್ವ. ನನ್ ಕೈಗೆ ಕಜ್ಜಿ ಆಗೈತೆ. ಶಿವರುದ್ರಮ್ಮ, ನಿಮ್ ಕೂಸಿಗೂ ಹತ್ತಿರ್ಬೋದು, ಡಾಕ್ಟ್ರಿಗೆ ತೋರ್ಸಿ."

ಶಿವರುದ್ರಮ್ಮ ಮೊಮ್ಮಗನ ಅಂಗಾಲು ತಿರುಗಿಸಿ ನೋಡುತ್ತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸುಶ್ಮಿತಾ ಕಣ್ಣೊರೆಸಿಕೊಂಡು, ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿ, "ಅಲ್ಲಿಂದ್ಲೇ ನೋಡಮ್ಮ," ಅಂದಳು. ಹನುಮಕ್ಕ ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು, ಕತ್ತು ಚಾಚಿ ನೋಡಿದಳು.